ಬೇಡಿಕೆ ಇಲ್ಲದ ಪಾದಯಾತ್ರೆ

ಏಕಾಂತಪ್ಪನ ಕಾಲುಗಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅವು ಬಳಸಲು ಇದ್ದ ಕಾಲುಗಳಲ್ಲ, ದೇವರು ಕೊಟ್ಟಿದ್ದಾನೆ ಇರಲಿ ಎಂದು ಅವನು ಇಟ್ಟುಕೊಂಡಿದ್ದವು. ರವೀಂದ್ರನಗರದ ಅವನ ಮನೆಯಿಂದ ತಿರುವಿನ ಅಂಗಡಿಗೆ ನೂರು ಹೆಜ್ಜೆ ಇರಬಹುದು. ಅಲ್ಲಿಂದ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲು ಅವನು ಸ್ಕೂಟರ್ ಹೊರಗೆ ತೆಗೆಯುತ್ತಿದ್ದ. ಒದ್ದು ಒದ್ದು ಆ ಸ್ಕೂಟರಿಗೆ ಜೀವ ಬರುವ ಹೊತ್ತಿಗೆ ಪಕ್ಕದ ಮನೆಯವರು ಸೊಪ್ಪು ತಂದು, ಸೋಸಿ, ಸಾರಿಗೆ ಹಾಕಿ ಮುಗಿಸಿರುತ್ತಿದ್ದರು. ಇಂಥವನು ಒಂದು ಭಾನುವಾರ ಮುನ್ನೂರು ಜನರನ್ನು ಹಿಂದೆ ಕಟ್ಟಿಕೊಂಡು ಭದ್ರಾವತಿಯಿಂದ ಗುಡ್ಡಕ್ಕೆ ನಡೆದ. ನಾನೇ ಕಣ್ಣಾರೆ ನೋಡಿದ್ದರಿಂದ ನಂಬಬೇಕಾಗಿದೆ.

ನಾನು ಶಂಕರನಾರಾಯಣ, ಆಲ್ಕೊಳದವನು. ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಹದಿನಾರು ವರ್ಷ ಏಕಾಂತಪ್ಪನ ಪಕ್ಕದ ಮೇಜಿನಲ್ಲಿ ಕೂತವನು. ಎರಡು ಸಾವಿರದ ಒಂದನೇ ಇಸವಿಯಲ್ಲಿ ನಮ್ಮ ಸೂಪರಿಂಟೆಂಡೆಂಟರು ನಿವೃತ್ತರಾಗಿ ಅವರ ಕುರ್ಚಿ ಖಾಲಿಯಾಯಿತು. ಸೀನಿಯಾರಿಟಿ ಪಟ್ಟಿಯಲ್ಲಿ ಮೊದಲ ಹೆಸರು ಏಕಾಂತಪ್ಪನದು, ಎರಡನೆಯದು ನನ್ನದು. ಅವನು ಕೆಲಸಕ್ಕೆ ಸೇರಿದ್ದು ನನಗಿಂತ ಹನ್ನೊಂದು ದಿನ ಮೊದಲು. ಆ ಹನ್ನೊಂದು ದಿನ ನನಗೆ ಕಾಮಾಲೆಯಾಗಿತ್ತು. ಒಂದು ಕಡತವನ್ನೂ ನೆಟ್ಟಗೆ ಮಡಚಲು ಬಾರದ ಮನುಷ್ಯ ನನ್ನ ಮೇಲಧಿಕಾರಿಯಾಗುವುದು ನನ್ನ ಪಿತ್ತಕೋಶದ ದೆಸೆಯಿಂದ ಎಂದು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಬಡ್ತಿಯ ಆದೇಶ ಸಾಹೇಬರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಸಾಹೇಬರು ನಮ್ಮಿಬ್ಬರನ್ನೂ ಕರೆದು ಹೇಳಿದರು.

"ರೀ ಏಕಾಂತಪ್ಪ, ಮುಂದಿನ ಸೋಮವಾರ ಅಮಾವಾಸ್ಯೆ ಕಳೆದಿರುತ್ತೆ, ಸಹಿ ಹಾಕ್ತೀನಿ. ಅಲ್ಲೀವರೆಗೂ ಯಾವ ಗಲಾಟೆಗೂ ಸಿಕ್ಕಾಕೊಳ್ಬೇಡಿ. ಮೆರವಣಿಗೆ, ಧರಣಿ, ಘೋಷಣೆ ಅಂತ ಏನಾದ್ರೂ ಕಿವಿಗೆ ಬಿತ್ತೋ, ಆದೇಶ ಶಂಕರನಾರಾಯಣರ ಹೆಸರಿಗೆ ಹೋಗುತ್ತೆ."

"ನಾನ್ಯಾಕೆ ಸಾರ್ ಧರಣಿ ಮಾಡ್ಲಿ? ನಂಗೆ ಕೂತ್ರೆ ಸೊಂಟ ನೋವು" ಎಂದ ಏಕಾಂತಪ್ಪ. ಎದ್ದು ನಿಂತರೆ ಮೊಣಕಾಲು ನೋವು ಎಂಬುದನ್ನು ಹೇಳಲು ಮರೆತ.

ಅದೇ ಸಂಜೆ ಅವನ ಮನೆಗೆ ದಾವಣಗೆರೆಯಿಂದ ಷಡ್ಡಕ ಬಂದ. ಹೆಸರು ಕಾಂತರಾಜ್, ಬ್ಯಾಂಕಿನ ಕೆಲಸ. ಏಕಾಂತಪ್ಪನ ಹೆಂಡತಿ ಪುಷ್ಪಮ್ಮನ ತಂಗಿಯ ಗಂಡ. ಕಾಂತರಾಜನ ಕೈಯಲ್ಲಿ ಒಂದು ಆಲ್ಬಮ್ ಇತ್ತು. ಅದರ ತುಂಬ ಅವನೂ ಅವನ ಹೆಂಡತಿಯೂ ಟೋಪಿ ಹಾಕಿಕೊಂಡು, ಬಿಳಿ ಬೂಟು ತೊಟ್ಟು, ಕೋಲು ಹಿಡಿದು ಬೇರೆ ಬೇರೆ ಬೆಟ್ಟಗಳ ಮೇಲೆ ಒಂದೇ ರೀತಿ ನಗುತ್ತಿದ್ದರು. ನಾನೂ ಅಲ್ಲೇ ಇದ್ದೆ, ಕಾಫಿ ಹೊತ್ತಾಗಿತ್ತು.

"ಟ್ರೆಕ್ಕಿಂಗ್ ಅಂತಾರೆ ಅಣ್ಣ ಇದಕ್ಕೆ. ಫ್ಯಾಮಿಲಿಗೆ ಹೇಳಿ ಮಾಡಿಸಿದ್ದು. ಕೆರೆ ದಂಡೆ, ಹೊಳೆ ಪಕ್ಕ, ಕಾಡು ಗುಡ್ಡ, ಆರಾಮಾಗಿ ನಡೀಬೋದು. ನಾವು ಬಯಲು ಸೀಮೆಯವರು ಬಸ್ ಹತ್ತಿ ಇಲ್ಲಿಗೆ ಬರ್ತೀವಿ. ನೀವು ಇಲ್ಲೇ ಕೂತ್ಕೊಂಡು ಏನ್ ಮಾಡ್ತೀರಿ?"

ಟಿವಿ ನೋಡ್ತೀವಿ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಷಡ್ಡಕನ ಮುಂದೆ ಸತ್ಯ ಹೇಳಿದ ಗಂಡಸನ್ನು ನಾನಿನ್ನೂ ಕಂಡಿಲ್ಲ.

"ನಾವೂ ಹೋಗ್ತೀವಪ್ಪ. ತಿಂಗಳಿಗೊಂದ್ಸಲ" ಎಂದ ಏಕಾಂತಪ್ಪ.

ಪುಷ್ಪಮ್ಮ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. "ಎಲ್ಲಿಗ್ರೀ?"

"ಅದೇ ಕಣೇ, ಭದ್ರಾವತಿ ಕಡೆ. ಹದ್ದಿನಗುಡ್ಡ."

"ಭದ್ರಾವತಿಗಾ? ನಮ್ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ ಹೋಗಿದ್ದು ಬಿಟ್ರೆ..."

"ಅವತ್ತೇ ಹಂಗೇ ಹೋಗಿದ್ವಲ್ಲ!"

ಕಾಂತರಾಜ್ ಆಲ್ಬಮ್ ಮುಚ್ಚಿದ. "ಹಾಗಾದ್ರೆ ಬರೋ ಭಾನುವಾರ ನಾವೂ ಬರ್ತೀವಿ. ಕ್ಯಾಮೆರಾ ತರ್ತೀನಿ" ಎಂದ. ಏಕಾಂತಪ್ಪ ಕಾಫಿಯನ್ನು ಆರಿಸದೆ ಕುಡಿದು ನಾಲಿಗೆ ಸುಟ್ಟುಕೊಂಡ.

ಮರುದಿನ ಕಚೇರಿಯಲ್ಲಿ ಅವನ ತಲೆಯೊಳಗೆ ಹೊಸದೊಂದು ಹುಳ ಹೊಕ್ಕಿತ್ತು. ಕಾಂತರಾಜನ ಆಲ್ಬಮ್ಮಿನಲ್ಲಿ ಎಲ್ಲ ಇತ್ತು, ಬ್ಯಾನರ್ ಇರಲಿಲ್ಲ. ತನ್ನ ಟ್ರೆಕ್ಕಿಂಗಿಗೆ ಬ್ಯಾನರ್ ಇದ್ದರೆ ಷಡ್ಡಕನ ಬಾಯಿ ಮುಚ್ಚುತ್ತದೆ.

"ಟ್ರೆಕ್ಕಿಂಗಿಗೆ ಕನ್ನಡದಲ್ಲಿ ಏನಂತಾರೆ ಮಾರಾಯ? ನಾವು ಸರ್ಕಾರಿ ನೌಕರರು, ಇಂಗ್ಲಿಷಲ್ಲಿ ಬರ್ಸೋದು ಸರಿಯಲ್ಲ."

ಚಾರಣ ಎಂಬ ಪದ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಮೇಜು ಗುದ್ದಿದ. "ಪಾದದಲ್ಲಿ ಮಾಡೋ ಯಾತ್ರೆ. ಪಾದಯಾತ್ರೆ! ಹೆಂಗೆ?"

ನಮ್ಮ ಸೀಮೆಯಲ್ಲಿ ಪಾದಯಾತ್ರೆ ಎಂದರೆ ಎರಡೇ ಅರ್ಥ. ಒಂದು, ದೇವರಿಗೆ ಹರಕೆ. ಇನ್ನೊಂದು, ಸರ್ಕಾರಕ್ಕೆ ಬೇಡಿಕೆ. ಸುಮ್ಮನೆ ಹಿತಕ್ಕಾಗಿ ನಡೆಯುವುದಕ್ಕೆ ಆ ಹೆಸರಿಟ್ಟವರು ಹಿಂದೆ ಯಾರೂ ಇರಲಿಲ್ಲ. ಇದನ್ನೆಲ್ಲ ಅವನಿಗೆ ವಿವರಿಸಬಹುದಿತ್ತು. ಸಾಹೇಬರ ಮೇಜಿನ ಮೇಲಿದ್ದ ಆದೇಶ ನೆನಪಾಯಿತು.

"ಅದ್ಭುತವಾಗಿದೆ" ಎಂದೆ.

ಬ್ಯಾನರ್ ಬರೆಯಲು ಕೊಟ್ಟದ್ದು ಭದ್ರಾವತಿ ಹಳೇ ಊರಿನ ಪೇಂಟರ್ ಚೌಡಯ್ಯನಿಗೆ. ಚೌಡಯ್ಯ ಇಪ್ಪತ್ತು ವರ್ಷ ಕಾರ್ಮಿಕ ಸಂಘಗಳ ಮುಷ್ಕರಕ್ಕೆ ಬಟ್ಟೆ ಬರೆದು ಕೈ ಪಳಗಿಸಿಕೊಂಡವನು. ಏಕಾಂತಪ್ಪ ಅವನಿಗೆ ಕಳುಹಿಸಿದ ಚೀಟಿಯಲ್ಲಿ ಇದ್ದದ್ದು ಇಷ್ಟೇ: 'ಕುಟುಂಬ ಸಮೇತ ಪಾದಯಾತ್ರೆ. ಕೆರೆ, ಹೊಳೆ, ಗುಡ್ಡ, ಕಾಡು. ಹದ್ದಿನಗುಡ್ಡ.'

ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಆರು ಜನ ಭದ್ರಾವತಿಯಲ್ಲಿ ಇಳಿದೆವು. ಏಕಾಂತಪ್ಪ, ಪುಷ್ಪಮ್ಮ, ಒಂಬತ್ತನೇ ಕ್ಲಾಸಿನ ಮಗಳು ಸುಮನಾ, ಕಾಂತರಾಜ್, ಅವನ ಹೆಂಡತಿ ಮತ್ತು ನಾನು. ನನ್ನನ್ನು ಅವನೇ ಕರೆದಿದ್ದ. ಕರೆಯದಿದ್ದರೂ ನಾನು ಹೋಗುತ್ತಿದ್ದೆ. ತನ್ನ ಅಂಗಡಿಯ ಮುಂದೆ ಚೌಡಯ್ಯ ಬ್ಯಾನರ್ ಬಿಚ್ಚಿದ. ಮೊಳದುದ್ದದ ಕೆಂಪು ಅಕ್ಷರಗಳು:

'ಕುಟುಂಬ ಸಮೇತ ಬೃಹತ್ ಪಾದಯಾತ್ರೆ! ಕೆರೆ, ಹೊಳೆ, ಗುಡ್ಡ, ಕಾಡು ಉಳಿಸಿ! ಹದ್ದಿನಗುಡ್ಡ ಚಲೋ!'

"ಬೃಹತ್ ಅಂತ ಯಾರು ಹೇಳಿದ್ರಯ್ಯ?" ಏಕಾಂತಪ್ಪನ ದನಿ ಕೀರಲಾಯಿತು.

"ಪಾದಯಾತ್ರೆ ಅಂದ್ಮೇಲೆ ಬೃಹತ್ ಬಂದೇ ಬರುತ್ತೆ ಸಾರ್. ಚಿಕ್ಕ ಪಾದಯಾತ್ರೆ ಅಂತ ನಾನು ಒಂದೂ ಬರ್ದಿಲ್ಲ."

"ಉಳಿಸಿ?"

"ಕೆರೆ, ಹೊಳೆ, ಗುಡ್ಡ, ಕಾಡು ಅಂತ ಬರ್ದು ನಿಲ್ಸಿಬಿಟ್ಟಿದ್ರಿ. ಏನ್ ಮಾಡ್ಬೇಕು ಅಂತ ಇರ್ಲಿಲ್ಲ. ಅಳಿಸಿ ಅಂತ ಬರೆಯೋಕಾಗುತ್ತಾ? ಜಾಗ ಬೇರೆ ಖಾಲಿ ಇತ್ತು."

"ಚಲೋ?"

"ಅದು ಫ್ರೀ ಸಾರ್, ನಮ್ ಕಡೆಯಿಂದ."

ಏಕಾಂತಪ್ಪ ಬ್ಯಾನರನ್ನು ಸುತ್ತಿ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬರುತ್ತೇನೆಂದ. ಕಾಂತರಾಜನ ಹೆಂಡತಿ ಆಗಲೇ ಅದರ ಒಂದು ತುದಿ ಹಿಡಿದು, "ಎಷ್ಟು ಚೆನ್ನಾಗಿದೆ ಭಾವ! ನಮ್ಮೋರಿಗೆ ಇದು ಹೊಳೀಲೇ ಇಲ್ಲ" ಎಂದಳು. ಷಡ್ಡಕನ ಮುಖ ಸಣ್ಣದಾದದ್ದನ್ನು ಏಕಾಂತಪ್ಪ ನೋಡಿದ. ಬ್ಯಾನರ್ ಬಿಚ್ಚಿಯೇ ಉಳಿಯಿತು.

ಭದ್ರಾವತಿಯಲ್ಲಿ ಬ್ಯಾನರ್ ಹಿಡಿದು ನಾಲ್ಕು ಜನ ನಡೆದರೆ ಐದನೆಯವನು ಕಾರಣ ಕೇಳದೆ ಸೇರಿಕೊಳ್ಳುತ್ತಾನೆ. ಕಾರಣ ಆಮೇಲೆ ಗೊತ್ತಾಗುತ್ತದೆ ಎಂಬ ನಂಬಿಕೆ ಅವನದು. ನ್ಯೂಟೌನ್ ದಾಟುವಷ್ಟರಲ್ಲಿ ರಜೆಯ ದಿನ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಗಂಡಸರೆಲ್ಲ ಅಂಗಿ ಹಾಕಿಕೊಂಡು ಬಂದರು. ಟೀ ಅಂಗಡಿಯಿಂದ ತಮಿಳು ಬೆರೆತ ಕನ್ನಡದವನೊಬ್ಬ ಲೋಟ ಸಮೇತ ಬಂದ.

"ಎನ್ನ ಸಾರ್, ಯಾವ ಯೂನಿಯನ್ನು?"

"ಯಾವ್ದೂ ಅಲ್ಲಪ್ಪ" ಎಂದ ಏಕಾಂತಪ್ಪ.

"ಓ, ಹೊಸಾದಾ? ಬೇಡಿಕೆ ಏನು?"

"ಏನೂ ಇಲ್ಲ ಕಣಪ್ಪ!"

ಅವನು ಹಿಂದಕ್ಕೆ ತಿರುಗಿ ಕಣ್ಣು ಮಿಟುಕಿಸಿದ. "ಲೀಡರು ಗಟ್ಟಿ. ಗುಟ್ಟು ಬಿಡಲ್ಲ."

ಲೀಡರ ಹೆಸರೇನೆಂದು ಅವರು ನನ್ನನ್ನು ಕೇಳಿದರು. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಎರಡೇ ನಿಮಿಷದಲ್ಲಿ ಹಿಂದಿನಿಂದ ಕೂಗು ಎದ್ದಿತು: "ಏಕಾಂತಪ್ಪನವರಿಗೆ!" "ಜಯವಾಗಲಿ!" ಏಕಾಂತಪ್ಪ ಬೆಚ್ಚಿ ಓಡುನಡಿಗೆ ಹಿಡಿದ. ಅವನು ಓಡಿದಂತೆ ಅವರೂ ಓಡಿದರು. ಹೋರಾಟದ ಬಿರುಸು ಎಂದು ಯಾರೋ ಹೊಗಳಿದರು.

ದಾರಿ ಮಾತ್ರ ಚೆನ್ನಾಗಿತ್ತು ಎಂದು ನಾನು ಒಪ್ಪಿಕೊಳ್ಳಬೇಕು. ಹೊಳೆಯ ಪಕ್ಕದಲ್ಲಿ ತಂಪಾದ ಮಣ್ಣಿನ ಹಾದಿ, ಆಮೇಲೆ ಬಾಳೆಕೆರೆಯ ಏರಿ. ಏರಿಯ ಒಂದು ಬದಿ ನೀರು, ಇನ್ನೊಂದು ಬದಿ ಗದ್ದೆ, ಎದುರಿಗೆ ಹದ್ದಿನಗುಡ್ಡದ ಮೇಲೆ ಹಸಿರು ಕಾಡು. ಮಗು ಎತ್ತಿಕೊಂಡ ಹೆಂಗಸೂ ಬೆವರದೆ ನಡೆಯಬಹುದಾದ ಹಾದಿ ಅದು. ಸುಮನಾ ನೀರುಕಾಗೆ ಎಣಿಸುತ್ತಿದ್ದಳು. ಮಿಕ್ಕವರು ಯಾರೂ ಕೆರೆಯತ್ತ ನೋಡಲಿಲ್ಲ. ಕೆರೆ ಉಳಿಸಲು ಬಂದವರಿಗೆ ಅದನ್ನು ನೋಡಲು ಪುರುಸೊತ್ತೆಲ್ಲಿ?

ಏರಿಯ ಕೊನೆಯಲ್ಲಿ ಒಂದು ಹಳ್ಳಿ. ಅಲ್ಲಿ ಮಾಸ್ತಮ್ಮ ಎಂಬ ಮುದುಕಿ ಕೊಡಪಾನ ಹಿಡಿದು ದಾರಿಗೆ ಅಡ್ಡ ನಿಂತಿದ್ದಳು. ಪಾದಯಾತ್ರೆ ಬರುತ್ತಿದೆ ಎಂಬ ಸುದ್ದಿ ನಮಗಿಂತ ಮುಂಚೆ ಊರು ಮುಟ್ಟಿತ್ತು. ಪಾದಯಾತ್ರಿಗಳ ಕಾಲು ತೊಳೆದರೆ ಪುಣ್ಯ ಎಂದು ಅವಳು ಬಲ್ಲಳು.

"ಯಾವ್ ದೇವ್ರಿಗಪ್ಪಾ ಹರಕೆ?"

"ದೇವ್ರಿಗಲ್ಲಮ್ಮ, ಸುಮ್ನೆ ನಡೀತಿದೀವಿ" ಎಂದ ಏಕಾಂತಪ್ಪ.

"ಸುಮ್ನೆ ಯಾರಾದ್ರೂ ನಡೀತಾರಾ ಮಗಾ? ಹರಕೆ ಬಾಯ್ಬಿಟ್ಟು ಹೇಳ್ಬಾರ್ದು, ನಂಗೊತ್ತು. ನೀನು ಕಾಲು ನೀಡು."

ಕಾಲು ನೀಡಿದ. ಅವಳು ಕಾಂತರಾಜನ ಬಿಳಿ ಬೂಟು ನೋಡಿ ಮುಖ ಕಿವುಚಿದಳು. "ಯಾತ್ರೆಗೆ ಮೆಟ್ಟು ಹಾಕ್ಕೊಂಡು ಬಂದೀಯಲ್ಲ, ಬಿಚ್ಚು!" ಕಾಂತರಾಜ್ ಇದು ತೊಗಲಿನ ಚಪ್ಪಲಿ ಅಲ್ಲ, ವಿಶೇಷ ಬೂಟು, ಹೆಜ್ಜೆ ಜಾರುವುದಿಲ್ಲ ಎಂದೆಲ್ಲ ವಿವರಿಸಿದ. ಮಾಸ್ತಮ್ಮ ಅಷ್ಟರಲ್ಲಿ ಬಿಚ್ಚಿಯೇ ಬಿಟ್ಟಿದ್ದಳು. ಭಕ್ತರು ಯಾರೋ ಬೂಟುಗಳನ್ನು ಜೋಪಾನವಾಗಿ ತೆಗೆದಿಡಲು ಒಯ್ದರು. ಎಷ್ಟು ಜೋಪಾನವೆಂದರೆ ಅವು ಇಂದಿಗೂ ಸಿಕ್ಕಿಲ್ಲ.

ಏಕಾಂತಪ್ಪನಿಗೆ ಅವಳು ಚೆಂಡು ಹೂವಿನ ಹಾರ ಹಾಕಿ, ಎರಡೂ ಕೈಯಲ್ಲಿ ಒಂದು ತೆಂಗಿನಕಾಯಿ ಇಟ್ಟಳು. "ಗುಡ್ಡದ ತುದಿ ಮುಟ್ಟೋವರ್ಗೂ ಕೆಳಗಿಡ್ಬಾರ್ದು. ಒಂದ್ ಕೈಯಲ್ಲೂ ಹಿಡೀಬಾರ್ದು. ನಾನೂ ಜತೇಲೇ ಬತ್ತೀನಿ, ನೋಡ್ಕೋತೀನಿ" ಎಂದಳು.

ಈಗ ಘೋಷಣೆ ಕೂಗುವವರ ಜತೆ ಗೋವಿಂದ ಎನ್ನುವವರೂ ಸೇರಿ ಜನ ಮುನ್ನೂರಾದರು. ಗುಡ್ಡದ ಬುಡಕ್ಕೆ ಬರುತ್ತಲೇ ಎದುರಿಗೆ ಧೂಳೆಬ್ಬಿಸಿ ಒಂದು ಜೀಪು ನಿಂತಿತು. ಇಳಿದವರು ಉಪತಹಶೀಲ್ದಾರ್ ಉಮಾಮಹೇಶ್ವರ. ಭಾನುವಾರದ ಊಟ ಬಿಟ್ಟು ಬಂದ ಅಧಿಕಾರಿಯ ಮುಖ ಹೇಗಿರಬೇಕೋ ಹಾಗೇ ಇತ್ತು. ಅವರ ಹಿಂದೆ ಸ್ಥಳೀಯ ಪತ್ರಿಕೆಯ ವರದಿಗಾರನೊಬ್ಬ ಕ್ಯಾಮೆರಾ ಹಿಡಿದು ಇಳಿದ.

ಜೀಪು ಕಂಡ ಕೂಡಲೇ ಏಕಾಂತಪ್ಪನಿಗೆ ತಾನು ಸರ್ಕಾರಿ ನೌಕರ, ನಾಳೆ ಸೋಮವಾರ ಎಂಬುದು ನೆನಪಾಗಿ ಬೆವರು ಕಿತ್ತುಕೊಂಡಿತು.

"ಯಾರ್ರೀ ಲೀಡರು?"

ಮುನ್ನೂರು ಕೈಗಳು ಏಕಾಂತಪ್ಪನನ್ನು ತೋರಿಸಿದವು. ನನ್ನದೂ ಒಂದು.

"ಸಾರ್, ಇದು ಪಾದಯಾತ್ರೆ ಅಲ್ಲ ಸಾರ್. ಟ್ರೆಕ್ಕಿಂಗು."

"ಟ್ರಕ್ಕಾ? ಎಲ್ಲಿದೆ ಟ್ರಕ್ಕು? ಜನಾನ ಟ್ರಕ್ಕಲ್ಲಿ ತುಂಬ್ಕೊಂಡು ಬಂದ್ರಾ? ಪರ್ಮಿಷನ್ ಇದೆಯಾ?"

"ಅಯ್ಯೋ ಸಾರ್, ನಡ್ಕೊಂಡೇ ಬಂದಿದ್ದು!"

"ಮತ್ತೆ ಪಾದಯಾತ್ರೆ ಅಲ್ಲ ಅಂತೀರಿ? ಹೋಗ್ಲಿ, ಮನವಿ ಕೊಡಿ. ತಗೋತೀನಿ, ಫೋಟೋ ಆಗ್ಲಿ, ಹೋಗ್ತೀನಿ."

"ಮನವಿ ಇಲ್ಲ ಸಾರ್. ನಮ್ದು ಬೇಡಿಕೆನೇ ಇಲ್ಲ."

ಉಮಾಮಹೇಶ್ವರರ ಮೀಸೆ ಅದುರಿತು. "ಏನ್ರೀ ತಮಾಷೆನಾ? ಬೇಡಿಕೆ ಇಲ್ದೆ ಮುನ್ನೂರು ಜನ ಬಂದ್ರು ಅಂತ ನಾನು ಮೇಲಕ್ಕೆ ರಿಪೋರ್ಟ್ ಬರೆದ್ರೆ ನನ್ನನ್ನ ಆಸ್ಪತ್ರೆಗೆ ಸೇರಿಸ್ತಾರೆ. ಮನವಿ ಸಿಗೋವರ್ಗೂ ನಾನಿಲ್ಲಿಂದ ಕದಲಲ್ಲ!"

ಹೀಗೆ ನಾಡಿನ ಚರಿತ್ರೆಯಲ್ಲಿ ಮೊದಲ ಸಲ ಒಬ್ಬ ಅಧಿಕಾರಿ ಜನರ ಮುಂದೆ ಧರಣಿ ಕೂತಂತಾಯಿತು. ಏಕಾಂತಪ್ಪ ನನ್ನತ್ತ ನೋಡಿದ. ಆ ಕಣ್ಣಿನಲ್ಲಿ ನೀರಿತ್ತು. ಸಾರ್, ಇವರು ನಮ್ಮ ಕಚೇರಿಯವರು, ಮನೆಯವರ ಜತೆ ಗುಡ್ಡ ನೋಡಲು ಬಂದಿದ್ದಾರೆ, ಪೇಂಟರು ತಪ್ಪು ಬರೆದ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ಸೂಪರಿಂಟೆಂಡೆಂಟರ ಕುರ್ಚಿ ಕಂಡಿತು.

"ಒಂದು ಹಾಳೆ ಕೊಡಿ ಸಾರ್. ಮನವಿ ನಾನು ಬರೀತೀನಿ" ಎಂದೆ.

ಜೀಪಿನ ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡು ಮುತ್ತು ಪೋಣಿಸಿದಂತೆ ಬರೆದೆ. ಜನ ನನ್ನನ್ನು ಮುತ್ತಿಕೊಂಡರು. ಒಬ್ಬನಿಗೆ ಬಸ್ ಬೇಕು, ಒಬ್ಬನಿಗೆ ಬೋರ್‌ವೆಲ್. ಒಬ್ಬಳಿಗೆ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಬೇಕು, ಅವಳ ಹಿಂದಿದ್ದವಳಿಗೆ ತೆಗೆಯಬೇಕು. ಟೀ ಲೋಟದವನು ಕಾರ್ಖಾನೆ ಕ್ಯಾಂಟೀನಿನ ಟೀ ಸರಿಯಿಲ್ಲ ಎಂದು ಸೇರಿಸಿದ. ಕಾಂತರಾಜ್ ಬೂಟು ಹುಡುಕಿಸಿಕೊಡಬೇಕೆಂದ. ಹದಿನಾಲ್ಕು ಬೇಡಿಕೆಗಳಾದವು. ನೂರಾರು ಸಹಿ, ಹೆಬ್ಬೆಟ್ಟು ಬಿದ್ದವು.

"ಈಗ ಲೀಡರು ಸಹಿ ಹಾಕ್ಲಿ" ಎಂದು ನಾನೇ ಪೆನ್ನು ಚಾಚಿದೆ.

ಏಕಾಂತಪ್ಪ ಕೈ ನೀಡಲು ಹೋದ. ಮಾಸ್ತಮ್ಮ ಕಿರುಚಿದಳು. "ಕಾಯಿ ಬಿಟ್ಟೀಯ! ಎಲ್ಡೂ ಕೈಯಿಂದ ಹಿಡ್ಕೋ!" ಅವನು ಬೆದರಿ ಕಾಯಿಯನ್ನು ಎದೆಗೆ ಒತ್ತಿಕೊಂಡ. ನಾನು ಪೆನ್ನನ್ನು ಅವನ ಬೆರಳ ಸಂದಿಗೆ ತುರುಕಲು ನೋಡಿದೆ. ಮುದುಕಿ ನನ್ನ ಕೈಗೆ ಪಟ್ಟೆಂದು ಹೊಡೆದಳು. ಉಮಾಮಹೇಶ್ವರರಿಗೆ ಹಸಿವು. "ಸಾಕು ಬಿಡ್ರೀ, ಫೋಟೋದಲ್ಲಿ ಇದ್ದಾರಲ್ಲ" ಎಂದು ಹಾಳೆ ಕಿತ್ತುಕೊಂಡು, ವರದಿಗಾರನತ್ತ ಒಮ್ಮೆ ನಕ್ಕು ಜೀಪು ಹತ್ತಿದರು.

ಮನವಿ ಹೋದ ಐದು ನಿಮಿಷಕ್ಕೆ ಮುನ್ನೂರು ಜನವೂ ಕರಗಿದರು. ಗುಡ್ಡ ಹತ್ತಲು ಯಾರೂ ಇರಲಿಲ್ಲ. ತೆಂಗಿನಕಾಯಿಯ ಕಾವಲಿಗೆ ಮಾಸ್ತಮ್ಮ ಬಂದಳು, ನಾವು ಆರು ಜನ ಹತ್ತಿದೆವು. ಮೇಲೆ ಕಾಯಿ ಒಡೆದು ಚಿತ್ರಾನ್ನ ತಿಂದೆವು. ಕೆಳಗೆ ಕೆರೆ, ಅದರಾಚೆ ಹೊಳೆಯ ತಿರುವು, ಗಾಳಿ. "ಇಷ್ಟ್ ಹತ್ರ ಇಟ್ಕೊಂಡು ಒಂದಿನನೂ ಬಂದಿಲ್ವಲ್ರೀ ನಾವು" ಎಂದು ಪುಷ್ಪಮ್ಮ ಎಲ್ಲರ ಎದುರೇ ಹೇಳಿಬಿಟ್ಟರು. ಕಾಂತರಾಜನಿಗೆ ಅದು ಕೇಳಿಸಲಿಲ್ಲ, ಅವನು ಅಂಗಾಲಿನ ಮುಳ್ಳು ಕೀಳುತ್ತಿದ್ದ.

ಏಕಾಂತಪ್ಪ ನನ್ನ ಪಕ್ಕ ಬಂದು ಕೂತ. "ಶಂಕರ, ನಾಳೆ ನನ್ ಬಡ್ತಿ ಹೋಯ್ತು, ಅಲ್ವಾ?"

"ನೋಡೋಣ ಮಾರಾಯ" ಎಂದು ಇನ್ನಷ್ಟು ಚಿತ್ರಾನ್ನ ಹಾಕಿಸಿಕೊಂಡೆ. ಆ ದಿನ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಹದಿನಾರು ವರ್ಷದಲ್ಲಿ ಅಷ್ಟು ರುಚಿಯಾಗಿ ಉಂಡಿರಲಿಲ್ಲ.

ಸೋಮವಾರ ಒಗೆದ ಅಂಗಿ ಹಾಕಿಕೊಂಡು ಹತ್ತು ಗಂಟೆಗೆ ಮೊದಲೇ ಹೋದೆ. ಸಾಹೇಬರ ಮೇಜಿನ ಮೇಲೆ ಪತ್ರಿಕೆ ಹರಡಿತ್ತು. ಹಾರ ಹಾಕಿಕೊಂಡು ಕಾಯಿ ಹಿಡಿದ ಏಕಾಂತಪ್ಪ, ಹಿಂದೆ ಜನಸಾಗರ. ಶೀರ್ಷಿಕೆ: 'ಹದ್ದಿನಗುಡ್ಡಕ್ಕೆ ಏಕಾಂತಪ್ಪ ಲಗ್ಗೆ'. ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಏಕಾಂತಪ್ಪ ಬಾಗಿಲಲ್ಲೇ ನಿಂತ.

"ಬನ್ನಿ ಏಕಾಂತಪ್ಪನವರೇ, ಕೂತ್ಕೊಳ್ಳಿ" ಎಂದರು ಸಾಹೇಬರು. ಅವರು ಯಾರಿಗಾದರೂ ಕೂರಲು ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. "ಇಷ್ಟು ಜನ ನಿಮ್ ಹಿಂದೆ ಇದ್ದಾರೆ ಅಂತ ಹೇಳ್ಲೇ ಇಲ್ವಲ್ಲ. ಈಗ... ನಮ್ ಕಚೇರಿ ಕಡೆ ಏನಾದ್ರೂ ಪಾದಯಾತ್ರೆ ಇಟ್ಕೊಂಡಿದೀರಾ? ನಿಮ್ಮ ಬೇಡಿಕೆ ಏನು?"

"ಏನೂ ಇಲ್ಲ ಸಾರ್" ಎಂದ ಏಕಾಂತಪ್ಪ ಅಳುವ ದನಿಯಲ್ಲಿ.

ಸಾಹೇಬರ ಮುಖ ಬಿಳಿಚಿತು. ಬೇಡಿಕೆ ಇರುವವನನ್ನು ಅವರು ಮೂವತ್ತು ವರ್ಷ ಸಂಭಾಳಿಸಿದ್ದರು. ಬಾಯಿ ಬಿಡದವನು ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾನೋ! ಅವರು ಬಡ್ತಿ ಆದೇಶವನ್ನು ಎಳೆದುಕೊಂಡು ಅಲ್ಲೇ, ನನ್ನ ಕಣ್ಣೆದುರೇ, ಸಹಿ ಹಾಕಿದರು.

"ಸಾರ್," ನನಗೆ ತಡೆಯಲಾಗಲಿಲ್ಲ, "ಸರ್ಕಾರಿ ನೌಕರ ಹೀಗೆಲ್ಲ... ನಿಯಮ..."

"ಅದಕ್ಕೇ ನಿಮ್ಮನ್ನೂ ಕರೆಸಿದ್ದು." ಸಾಹೇಬರು ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಹದಿನಾಲ್ಕು ಬೇಡಿಕೆ. "ಲೀಡರು ನಮ್ ಕಚೇರಿಯವ್ರು ಅಂತ ಗೊತ್ತಾಗಿ ಬೆಳಿಗ್ಗೆ ಉಮಾಮಹೇಶ್ವರ ಪ್ರತಿ ಕಳ್ಸಿದಾರೆ. ಇದರಲ್ಲಿ ಏಕಾಂತಪ್ಪನವರ ಸಹಿ ಎಲ್ಲೂ ಇಲ್ಲ. ಆದ್ರೆ ಈ ಅಕ್ಷರ ಯಾರದ್ರೀ? ಹಿಂಗೆ ದುಂಡಗೆ ಬರೆಯೋರು ಈ ಜಿಲ್ಲೇಲಿ ಇನ್ನೊಬ್ರಿದ್ದಾರಾ? ನೌಕರ ಆಗಿ ಜನರನ್ನ ಎತ್ತಿಕಟ್ತೀರಾ?"

ಏಕಾಂತಪ್ಪ ಎದ್ದು ನಿಂತು, "ಸಾರ್, ಇವ್ನು ಬಹಳ ಒಳ್ಳೇ ಮನುಷ್ಯ ಸಾರ್. ನಂಗೆ ಸಹಾಯ ಆಗ್ಲಿ ಅಂತ ಬರ್ದ" ಎಂದ. ಆ ಮೂರ್ಖ ಅದನ್ನು ಮನಸಾರೆ ನಂಬಿದ್ದ. ನನ್ನನ್ನು ಸುಟ್ಟದ್ದು ಅದೇ.

"ಕಾರಣ ಕೇಳೋ ನೋಟಿಸ್ ಇವತ್ತೇ ಹೋಗ್ಬೇಕು" ಎಂದರು ಸಾಹೇಬರು. "ಶಂಕರನಾರಾಯಣ, ಬರ್ಕೊಂಡು ಬನ್ನಿ."

"ನನಗೆ ಕೊಡೋ ನೋಟಿಸು ನಾನೇ ಬರೀಬೇಕಾ ಸಾರ್?"

"ಟೈಪಿಸ್ಟ್ ರಜ. ಓದೋಕಾಗೋ ಹಂಗೆ ಬರೆಯೋರು ಇಲ್ಲಿ ಬೇರೆ ಯಾರಿದ್ದಾರೆ?"

ಬರೆದೆ. ತಮ್ಮ ಮೇಲೆ ಶಿಸ್ತುಕ್ರಮವನ್ನು ಏಕೆ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು ಎಂದು, ಒಂದು ಕೊಂಬು, ಒಂದು ದೀರ್ಘ ತಪ್ಪದೆ ಬರೆದೆ. ಹೊಸ ಸೂಪರಿಂಟೆಂಡೆಂಟರು ಹಳೆಯ ಕುರ್ಚಿಯಲ್ಲಿ ಕೂತು ಅದನ್ನು ಎರಡು ಸಲ ಓದಿದರು. "ಎಷ್ಟ್ ಚೆನ್ನಾಗಿ ಬರ್ದಿದೀಯ ಮಾರಾಯ" ಎಂದರು. ಆ ಹಾಳೆ ಇಂದಿಗೂ ನನ್ನ ಸೇವಾ ಪುಸ್ತಕದಲ್ಲಿದೆ. ಬರೆದವರು ಎಂಬಲ್ಲಿ ನನ್ನ ಸಹಿ, ಸ್ವೀಕರಿಸಿದವರು ಎಂಬಲ್ಲಿ ನನ್ನ ಸಹಿ. ನಡುವೆ, ಪರಿಶೀಲಿಸಲಾಗಿದೆ ಎಂಬಲ್ಲಿ, ಏಕಾಂತಪ್ಪ ಅಧಿಕಾರಿಯಾಗಿ ಹಾಕಿದ ಮೊಟ್ಟಮೊದಲ ಸಹಿ.